ಕಾಯಿದೆ ಮೆಚ್ಚಿದ ಮರೆವು

ನನ್ನ ಹೆಂಡತಿಯ ಮರೆವಿಗೆ ಸರಕಾರದ ಮಾನ್ಯತೆ ಇತ್ತು. ನಗಬೇಡಿ, ರಾಜಪತ್ರದಲ್ಲಿ ಅಚ್ಚಾದ ಮರೆವು ಅದು. ಉಳಿದ ಗಂಡಂದಿರು ಹೆಂಡತಿ ಏನಾದರೂ ಮರೆತರೆ ರೇಗುತ್ತಾರೆ. ನಾನು ಓಣಿಯ ತುಂಬ ಹೇಳಿಕೊಂಡು ತಿರುಗುತ್ತಿದ್ದೆ.

ಬುಡದಿಂದ ಹೇಳುತ್ತೇನೆ. ಒಬ್ಬರ ಸರಕಿನ ಹೆಸರು, ಚಿತ್ರ, ಬಣ್ಣವನ್ನು ಇನ್ನೊಬ್ಬರು ನಕಲು ಮಾಡಿದರೋ ಇಲ್ಲವೋ ಎಂಬುದನ್ನು ಟ್ರೇಡ್‌ಮಾರ್ಕ್ ಕಾಯಿದೆ ಒಂದೇ ಪ್ರಶ್ನೆಯಿಂದ ಅಳೆಯುತ್ತದೆ: ಸಾಧಾರಣ ಬುದ್ಧಿಯ, ಅರೆಬರೆ ನೆನಪಿನ ಗಿರಾಕಿಯೊಬ್ಬ ಇದನ್ನು ಅದೆಂದೇ ತಿಳಿದು ಕೊಂಡುಬಿಡುತ್ತಾನೆಯೇ? ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಹಾಗಿಲ್ಲ. ಅಂಗಡಿಯಲ್ಲಿ ಯಾರೂ ಹಾಗೆ ನೋಡುವುದಿಲ್ಲ. ಒಂದನ್ನು ಎಂದೋ ನೋಡಿರುತ್ತೇವೆ, ಇನ್ನೊಂದು ಇವತ್ತು ಕೈಗೆ ಸಿಗುತ್ತದೆ. ನಡುವೆ ಇರುವುದು ಬರೀ ನೆನಪು. ಹಳೆಯ ಕಾಲದಲ್ಲಿ ಈ ಗಿರಾಕಿ ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ನ್ಯಾಯಾಧೀಶರು ಕಣ್ಣು ಮುಚ್ಚಿ ಅವನನ್ನು ಊಹಿಸಿಕೊಳ್ಳುತ್ತಿದ್ದರು. ಜನ್ಮದಲ್ಲಿ ಕಿರಾಣಿ ಅಂಗಡಿಯ ಮೆಟ್ಟಿಲು ಹತ್ತದ ಸಾಹೇಬರು, ಪಾತ್ರೆ ತಿಕ್ಕುವ ಪುಡಿ ಕೊಳ್ಳುವ ಹೆಂಗಸು ಹೇಗೆ ಗೊಂದಲಪಡುತ್ತಾಳೆಂದು ಪುಟಗಟ್ಟಲೆ ಬರೆಯುತ್ತಿದ್ದರು.

ಆಮೇಲೆ ಹೋಲಿಕೆಮಾಪಕ ಬಂತು. ಜನ ಅದನ್ನು ಟೊಪ್ಪಿಗೆ ಎಂದೇ ಕರೆದರು, ನೋಡಲು ಹಾಗೇ ಇತ್ತು. ತಲೆಗೆ ಹಾಕಿಕೊಂಡು ಒಂದು ವಸ್ತುವನ್ನು ನೋಡಿದಾಗ, ಮಿದುಳು 'ಇದು ಅದೇ' ಎಂದು ಗುರುತು ಹಿಡಿದರೆ ಒಂದು ಅಲೆ ಏಳುತ್ತದಂತೆ. ಟೊಪ್ಪಿಗೆ ಅದನ್ನು ಹಿಡಿದು ಪರದೆಯ ಮೇಲೆ ಗೆರೆಯಾಗಿ ತೋರಿಸುತ್ತದೆ. ಬೇರೆ ವಸ್ತುವನ್ನು ನೋಡಿಯೂ ಗೆರೆ ಕೆಂಪು ಪಟ್ಟಿ ದಾಟಿದರೆ ಗೊಂದಲ ಸಾಬೀತಾದಂತೆ. ಬಾಯಿ ಸುಳ್ಳು ಹೇಳಬಹುದು, ಆ ಗೆರೆ ಹೇಳುವುದಿಲ್ಲ. ಆದರೆ ಟೊಪ್ಪಿಗೆ ಹಾಕುವುದು ಯಾರ ತಲೆಗೆ? ಮೊದಮೊದಲು ನೂರಾರು ಜನರನ್ನು ಕೂರಿಸಿ ಸರಾಸರಿ ತೆಗೆದರು. ಖರ್ಚು, ತಡ, ಜಗಳ. ಕೊನೆಗೆ ರಾಜ್ಯವನ್ನೆಲ್ಲ ಜಾಲಾಡಿ, ಆ ಸರಾಸರಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುವ ಒಂದೇ ಒಂದು ತಲೆಯನ್ನು ಹುಡುಕಿದರು. ಆ ತಲೆ ಹುಬ್ಬಳ್ಳಿಯಲ್ಲಿ, ನಮ್ಮ ಮನೆಯ ಅಡಿಗೆಮನೆಯಲ್ಲಿ ಒಗ್ಗರಣೆ ಹಾಕುತ್ತಾ ನಿಂತಿತ್ತು.

'ಪ್ರಮಾಣ ಗ್ರಾಹಕಿ, ಶ್ರೀಮತಿ ದಾಕ್ಷಾಯಣಿ ಈರಣ್ಣ ಹೊಸಮನಿ' ಎಂಬ ಆದೇಶ ಬಂದ ದಿನ ಅವಳು ಸೊಂಟದ ಮೇಲೆ ಕೈಯಿಟ್ಟು ನಕ್ಕಳು. "ಅಂದ್ರ ನನ್ನಾಗ ವಿಶೇಷ ಏನೂ ಇಲ್ಲ ಅಂತ ಸರಕಾರನ ಬರದು ಕೊಟ್ಟಂಗ ಆತಲ್ರೀ! ನಮ್ಮತ್ತಿ ಇದನ್ನ ಮೊದಲ ಹೇಳಿದ್ರು." ನಕ್ಕು ಓಣಿಗೆಲ್ಲ ಪೇಢೆ ಹಂಚಿದಳು.

ಅವಳ ಕೆಲಸ ಸುಲಭ. ಹಿಂದಿನಂತೆಯೇ ಸಂತೆ ಪೇಟೆ ಮಾಡಬೇಕು, ಕರೆ ಬಂದಾಗ ಟ್ರೇಡ್‌ಮಾರ್ಕ್ ನ್ಯಾಯಮಂಡಳಿಗೆ ಹೋಗಿ ಟೊಪ್ಪಿಗೆ ಹಾಕಿಕೊಂಡು ಕೂರಬೇಕು. ಕಷ್ಟದ ಕೆಲಸ ಬಿದ್ದದ್ದು ನನ್ನ ಪಾಲಿಗೆ. ಮನೆಯವರಿಗೆ ಒಂದು ಕಟ್ಟಪ್ಪಣೆ ಇತ್ತು: ಅವಳು ಏನನ್ನೇ ತಪ್ಪು ತಿಳಿದರೂ ತಿದ್ದಬಾರದು. ತಿದ್ದಿಸಿಕೊಂಡವಳು ಮುಂದಿನ ಸಲ ಹುಷಾರಾಗುತ್ತಾಳೆ, ಹುಷಾರಾದವಳು ಸಾಧಾರಣ ಗಿರಾಕಿಯಾಗಿ ಉಳಿಯುವುದಿಲ್ಲ ಎಂಬುದು ನ್ಯಾಯಮಂಡಳಿಯವರ ವಾದ. ಹಾಗಾಗಿ ಅವಳು ಏನು ತಂದರೂ 'ಚೊಲೋ ಆತು' ಅನ್ನಬೇಕು. ನಾನೋ ನಗರ ಸಾರಿಗೆಯಲ್ಲಿ ಕಂಡಕ್ಟರ್ ಆಗಿದ್ದವನು, ಬಸ್ಸಿಗೆ ಕಂಡಕ್ಟರ್ ಬೇಡವೆಂದು ಮನೆಗೆ ಕಳಿಸಿದ ಮೇಲೂ ದಾರಿಯಲ್ಲಿ ಹೋಗುವವರಿಗೆ 'ಮುಂದ ಸರೀರಿ' ಅನ್ನುವ ಬಾಯಿ. ತಪ್ಪು ಕಂಡು ಸುಮ್ಮನಿರುವುದು ನನ್ನ ಜಾತಕದಲ್ಲೇ ಇಲ್ಲ. ಆದರೂ ಕಲಿತೆ. ಹಲ್ಲು ಕಚ್ಚಿ ಕಲಿತೆ. ಚಹಾಪುಡಿ ಬದಲು ಮೆಹಂದಿ ಪುಡಿ ಬಂದರೆ, "ಚೊಲೋ ಆತು." ಶಾಂಪೂ ಬದಲು ಟೂತ್‌ಪೇಸ್ಟ್ ಬಂದರೆ, "ಚೊಲೋ ಆತು." ತಪ್ಪು ಹೆಚ್ಚಾದಂತೆಲ್ಲ ನನಗೆ ಹೆಮ್ಮೆಯೂ ಹೆಚ್ಚಾಗುತ್ತಿತ್ತು. ಹೆಂಡತಿ ಕೆಲಸದಲ್ಲಿ ಪಳಗುತ್ತಿದ್ದಾಳೆ ಎಂದುಕೊಂಡೆ!

ಮನೆಗೊಂದು ಕಾನೂನು ಪತ್ರಿಕೆ ಬರುತ್ತಿತ್ತು. ಅದರಲ್ಲಿ ದೊಡ್ಡ ದೊಡ್ಡ ಭಾಷ್ಯಕಾರರು ಅವಳ ಬಗ್ಗೆ ಬರೆಯುತ್ತಿದ್ದರು. 'ಪ್ರಮಾಣ ಗ್ರಾಹಕಿಯ ನೆನಪಿನಿಂದಾಗಿ ತೀರ್ಪುಗಳಲ್ಲಿ ಊಹೆಗೆ ಎಡೆಯಿಲ್ಲದಾಗಿದೆ. ಇತ್ತೀಚಿನ ಪ್ರಕರಣಗಳಲ್ಲಿ ಹೆಸರಾಂತ ಮುದ್ರೆಗಳ ರಕ್ಷಣೆಯ ವಲಯ ಗಣನೀಯವಾಗಿ ಹಿಗ್ಗುತ್ತಿರುವುದು ಸ್ವಾಗತಾರ್ಹ' ಎಂದು ಒಬ್ಬರು ಬರೆದಿದ್ದರು. ಊಟ ಮಾಡುವಾಗ ನಾನದನ್ನು ಓದಿ ಹೇಳಿದೆ. ಅವಳು ಖುಷಿಯಿಂದ ಕೇಳಿದಳು. ಕೈ ತೊಳೆದು ಬಂದು ಮತ್ತೆ ಕುಳಿತಳು. "ಆ ಪತ್ರಿಕಾ ಬಂದೇತಿ ನೋಡ್ರಿ, ನನ್ನ ಬಗ್ಗೆ ಏನರ ಬರದಾರೇನು? ಓದ್ರಿ" ಅಂದಳು. ನಾನು ಮತ್ತೆ ಓದಿದೆ. ಆ ವಲಯ ಯಾಕೆ ಹಿಗ್ಗುತ್ತಿದೆ, ದೊಡ್ಡ ಕಂಪನಿಗಳೇ ಯಾಕೆ ಗೆಲ್ಲುತ್ತಿವೆ ಎಂದು ಭಾಷ್ಯ ಬರೆದವರೂ ಕೇಳಲಿಲ್ಲ, ಎರಡು ಸಲ ಓದಿದ ನಾನೂ ಕೇಳಲಿಲ್ಲ.

ಹೀಗಿರುವಾಗ ಗಿಣಿ ಮತ್ತು ನವಿಲಿನ ಮೊಕದ್ದಮೆ ಬಂತು.

ನವಲಗುಂದದ ಶಾಂತವ್ವ ಮೇಟಿ ಎಂಬಾಕೆ ಓಣಿಯ ಹೆಂಗಸರನ್ನು ಕಟ್ಟಿಕೊಂಡು ಅಗಸಿ ಚಟ್ನಿ ಕುಟ್ಟಿ ಮಾರುತ್ತಿದ್ದಳು. ಹಸಿರು ಪಾಕೀಟು, ಅದರ ಮೇಲೆ ಗಿಣಿ. ಕಲ್ಪನಿಧಿ ಫುಡ್ಸ್ ಎಂಬ ದೊಡ್ಡ ಕಂಪನಿಯೂ ಚಟ್ನಿ ಮಾಡುತ್ತಿತ್ತು. ಅವರದು ನವಿಲು. ಗಿಣಿ ನಮ್ಮ ನವಿಲಿನ ನಕಲು, ಗಿರಾಕಿಗಳು ಮೋಸಹೋಗುತ್ತಿದ್ದಾರೆ, ಆಕೆಯ ಮಾರಾಟ ನಿಲ್ಲಿಸಬೇಕು ಎಂದು ಕಂಪನಿ ದೂರು ಕೊಟ್ಟಿತ್ತು. ಕಂಪನಿ ಗೆದ್ದರೆ ಶಾಂತವ್ವ ಪಾಕೀಟಿನ ಮೇಲೆ ಯಾವ ಹಕ್ಕಿಯನ್ನೂ ಹಾಕುವ ಹಾಗಿಲ್ಲ, ಗಿಣಿಯ ಹೆಸರಿನಲ್ಲಿ ಒಂದು ಚಿಟಿಕೆ ಚಟ್ನಿಯನ್ನೂ ಮಾರುವ ಹಾಗಿಲ್ಲ.

ಅಳತೆಯ ಕೋಣೆಯಲ್ಲಿ ದಾಕ್ಷಾಯಣಿ ಗಾಜಿನಾಚೆ ಕೂರುತ್ತಾಳೆ. ಗಾಜಿನ ಈಚೆ ಯಂತ್ರ ನಡೆಸುವ ಫರೀದಾ ನದಾಫ, ಅವಳ ಪಕ್ಕ ಮನೆಯವನೆಂಬ ಹಕ್ಕಿನಿಂದ ನಾನು. ಫರೀದಾ ನಮ್ಮ ಮಗಳ ವಯಸ್ಸಿನವಳು, ನನ್ನನ್ನು ಕಾಕಾ ಅನ್ನುತ್ತಾಳೆ. ಮೊದಲು ನವಿಲಿನ ಪಾಕೀಟು ತೋರಿಸಿದರು. ಆಮೇಲೆ ಕಾಯಿದೆ ಹೇಳಿದಂತೆ ನಡುವೆ ಬಿಡುವು. ಚಹಾ ಕೊಟ್ಟು, ಅದೂ ಇದೂ ಮಾತಾಡಿಸಿದರು. ಆಮೇಲೆ ಗಿಣಿ. ಪಾಕೀಟು ಮೇಜಿನ ಮೇಲೆ ಬಂದದ್ದೇ ತಡ, ಗೆರೆ ಎದ್ದು ಕೆಂಪು ಪಟ್ಟಿ ದಾಟಿ ಮೇಲೆ ಹೋಯಿತು. ಫರೀದಾ ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು.

"ಹೆಂಗಾತ್ರಿ?" ಹೊರಗೆ ಬಂದು ದಾಕ್ಷಾಯಣಿ ಕೇಳಿದಳು.

"ಚೊಲೋ ಆತು" ಅಂದೆ.

ಇನ್ನೊಂದು ತಿಂಗಳಿಗೆ ಎರಡನೆಯ ಅಳತೆ, ಅದರ ಬೆನ್ನಿಗೇ ತೀರ್ಪು ಎಂದು ಹೇಳಿ ಕಳಿಸಿದರು. ಹೊರಡುವಾಗ ಪಡಸಾಲೆಯಲ್ಲಿ ಶಾಂತವ್ವ ನಿಂತಿದ್ದಳು. ಇಳಕಲ್ ಸೀರೆ, ಮೈಯೆಲ್ಲ ಹುರಿದ ಅಗಸಿಯ ವಾಸನೆ. "ಅಣ್ಣಾರ, ಗಿಣಿಗೂ ನವಿಲಿಗೂ ಫರಕು ತಿಳೀದ ಕೂಸು ನಮ್ಮೂರಾಗ ಒಂದೂ ಇಲ್ರಿ. ಅಕ್ಕಾರಿಗೆ ಹೆಂಗ ತಿಳೀಲಿಲ್ಲ?"

"ಅದು ಕಾಯಿದೆ ಐತವಾ. ನನ್ನ ಕೇಳಿದ್ರ ನಾ ಏನ್ ಹೇಳಲಿ" ಎಂದು ಗದರಿಸಿ ಮುಂದೆ ನಡೆದೆ. ಗದರಿಸಿದ್ದು ಯಾಕೆಂದರೆ ಅವಳ ಮಾತು ಚುಚ್ಚಿತ್ತು. ಹುಬ್ಬಳ್ಳಿಯಲ್ಲಿ ಗಿಣಿ ಚಟ್ನಿ ತಿನ್ನದ ಮನೆಯಿಲ್ಲ. ನಮ್ಮ ಮನೆಯಲ್ಲೂ ರೊಟ್ಟಿಯ ಮಗ್ಗುಲಲ್ಲಿ ಅದೇ. ಒಮ್ಮೆ ನಾನು ಮಾತಿನ ಭರದಲ್ಲಿ ನವಿಲಿನ ಪಾಕೀಟು ತಂದಿದ್ದೆ. ಅವಳು ಬಾಗಿಲಲ್ಲೇ ತಡೆದಿದ್ದಳು. "ಕಣ್ಣು ಎಲ್ಲಿ ಇಟ್ಟು ಬಂದೀರಿ? ಇದು ಗಿರಣಿ ಧೂಳು. ಹೋಗ್ರಿ, ಕೊಟ್ಟು ಗಿಣಿದು ತರ್ರಿ." ಬಿಸಿಲಲ್ಲಿ ನನ್ನನ್ನು ವಾಪಸು ಓಡಿಸಿದ ಅದೇ ಹೆಂಗಸು ಇವತ್ತು ಗಿಣಿಯನ್ನು ನೋಡಿ ನವಿಲು ಅಂದಿದ್ದಳು.

ಅದಾದ ಕೆಲವೇ ದಿನಕ್ಕೆ ದುರ್ಗದಬೈಲಿನಲ್ಲಿ ಸಂತೆ ಮಾಡುತ್ತಿದ್ದೆವು. ನಾನು ಚುರುಮುರಿಯ ಗಿರ್ಮಿಟ್ ಕಟ್ಟಿಸಲು ನಿಂತೆ. ತಿರುಗಿ ನೋಡಿದರೆ ಅವಳು ಯಾರೋ ಅಪರಿಚಿತನ ಬೆನ್ನ ಹಿಂದೆ ಹೋಗುತ್ತಿದ್ದಾಳೆ. ನನ್ನಂಥದೇ ನೀಲಿ ಚೌಕಳಿ ಅಂಗಿ, ನನ್ನಂಥದೇ ಬೋಳುತಲೆ. ಅವನ ಕೈಗೆ ಸಂತೆಚೀಲ ಕೊಟ್ಟು "ಹಿಡೀರಿ, ತೋಳು ನೋಯಾಕತ್ತೇತಿ" ಅಂದಳು. ಪಾಪ, ಅವನು ಕಕ್ಕಾಬಿಕ್ಕಿ. ನಾನು ಓಡಿಹೋಗಿ ಚೀಲ ಇಸಕೊಂಡು, "ನನ್ನ ಲೇಬಲ್ ನಕಲು ಮಾಡೀರಿ ನೋಡ್ರಿ, ಕೇಸ್ ಹಾಕ್ತೀನಿ" ಎಂದು ಚೇಷ್ಟೆ ಮಾಡಿದೆ. ಅವನು ನಕ್ಕ. ದಾಕ್ಷಾಯಣಿಯೂ ನಕ್ಕಳು, ಆದರೆ ಒಂದು ಗಳಿಗೆ ತಡವಾಗಿ ನಕ್ಕಳು. ಅಂಗಿ ಒಂದೇ ಬಣ್ಣದ್ದಲ್ಲವೇ, ಯಾರಿಗಾದರೂ ಹಾಗಾದೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆ ಸಮಾಧಾನ ಉಪ್ಪಿಟ್ಟಿನ ದಿನ ಒಡೆಯಿತು.

ಬೆಳಿಗ್ಗೆ ತಟ್ಟೆ ತಂದಿಟ್ಟಳು. ಉಪ್ಪಿಟ್ಟು ನೊರೆ ಬಿಡುತ್ತಿತ್ತು. ರವೆಯ ಪಾಕೀಟೂ ಸಾಬೂನಿನ ಪುಡಿಯ ಪಾಕೀಟೂ ನಮ್ಮಲ್ಲಿ ಎರಡೂ ನೀಲಿ. ಎರಡನ್ನೂ ಬೆರೆಸಿದ್ದಳು. ಮೇಲೆ ಕೊತ್ತಂಬರಿ, ಹಸಿಕೊಬ್ಬರಿ, ಎಲ್ಲ ಚೆಂದವಾಗಿ ಉದುರಿಸಿದ್ದಳು. ನಾನು ಅಭ್ಯಾಸಬಲದಿಂದ "ಚೊಲೋ ಆಗೇತಿ" ಅಂದೇಬಿಟ್ಟೆ! ತಟ್ಟೆಯನ್ನು ಹಿತ್ತಲಿಗೆ ಒಯ್ದು ಚೆಲ್ಲಿ ಬರೋಣವೆಂದು ಎದ್ದೆ. ತಿರುಗಿದರೆ ಅವಳು ತನಗೂ ಬಡಿಸಿಕೊಂಡು ತುತ್ತು ಎತ್ತಿದ್ದಾಳೆ. ಹಾರಿಹೋಗಿ ಕೈ ಹಿಡಿದೆ. "ತಿನಬ್ಯಾಡ! ಸಾಬೂನು ಐತಿ ಅದರಾಗ! ತಪ್ಪು ಮಾಡೀದಿ!"

ಅಷ್ಟು ವರ್ಷಗಳಲ್ಲಿ ಆ ಮಾತು ಮೊದಲ ಸಲ ನನ್ನ ಬಾಯಿಂದ ಬಂತು. ಅವಳು ತಟ್ಟೆಯನ್ನೇ ನೋಡುತ್ತಾ ಕೂತಳು. ಸಿಟ್ಟು ಮಾಡುತ್ತಾಳೆ, ಇಲ್ಲ ಅಳುತ್ತಾಳೆ ಅಂದುಕೊಂಡೆ. ಅವಳು ಉಸಿರು ಬಿಟ್ಟು, ಹೆಗಲಿನ ಭಾರ ಇಳಿಸಿದವಳ ಹಾಗೆ ಮಾತಾಡಿದಳು.

"ನನಗ ಏನೋ ಆಗೇತ್ರಿ. ಭಾಳ ದಿನಾ ಆತು. ಒಳಗ ಅಂಜಿಕಿ ಬರತೈತಿ. ಖರೇ ಹೇಳ್ತಾರೇನೋ ಅಂತ ನಿಮ್ಮ ಮಾರಿ ನೋಡ್ತೀನಿ. ನೀವು ಚೊಲೋ ಆತು ಅಂತೀರಿ. ಅಲ್ಲಿ ಆ ಹುಡುಗಿನೂ ಚೊಲೋ ಆತು ಅಂತಾಳ. ಎಲ್ಲಾರೂ ಹಂಗ ಅಂದ್ರ ನಾ ಯಾರನ್ನ ಕೇಳಲಿ? ಒಮ್ಮೆರ ತಪ್ಪು ಅನ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

ನಾವು ಕಾಯಿದೆ ಪಾಲಿಸುತ್ತಿದ್ದೇವೆ ಅಂದುಕೊಂಡಿದ್ದೆವು. ಅವಳು ಕತ್ತಲಲ್ಲಿ ಗೋಡೆ ತಡವುತ್ತಿದ್ದಳು, ನಾವು ಕೈ ಕೊಡದೆ ಪಕ್ಕದಲ್ಲಿ ನಿಂತಿದ್ದೆವು. ಆ ದಿನ ನಾನು ಅತ್ತೆ. ಅವಳೇ ಸೆರಗಿನಿಂದ ನನ್ನ ಮುಖ ಒರೆಸಿದಳು.

"ಆ ಚಟ್ನಿ ಬಾಯಾರ ಕೇಸ್ ಏನಾತು?" ಅಂದಳು ಆಮೇಲೆ.

"ಗಿಣಿನ ನವಿಲು ಅಂದಿ."

"ಅಂದೆ?" ತಟ್ಟೆಯನ್ನು ಆಚೆ ಸರಿಸಿದಳು. "ಹಂಗಾದ್ರ ಹೋಗಿ ಹೇಳ್ರಿ. ನನ್ನ ತಲಿ ಕೆಟ್ಟೇತಿ ಅಂತ ಹೇಳ್ರಿ. ನಾಚಿಕಿ ಮಾಡಬ್ಯಾಡ್ರಿ. ನನ್ನ ಸಲುವಾಗಿ ಅಷ್ಟು ಹೆಣ್ಮಕ್ಕಳ ಒಲಿ ಆರಬಾರದು."

ವೈದ್ಯರಿಗೆ ತೋರಿಸಿದೆ. ಅವರು ಮೆತ್ತಗೆ ಹೇಳಿದ್ದು ನನಗೆ ಗೊತ್ತಿದ್ದದ್ದೇ: ಮರೆವಿನ ಕಾಯಿಲೆ, ಶುರುವಾಗಿ ವರ್ಷಗಳೇ ಆಗಿವೆ, ಮನೆಯವರಿಗೆ ಹೇಗೆ ಗೊತ್ತಾಗಲಿಲ್ಲ? ಗೊತ್ತಾಗದಿರಲಿ ಎಂದು ನಮಗೆ ತರಬೇತಿ ಕೊಟ್ಟಿದ್ದರು ಎಂದು ಅವರಿಗೆ ಹೇಗೆ ಹೇಳಲಿ?

ಅಲ್ಲಿಂದ ನೆಟ್ಟಗೆ ಫರೀದಾಳ ಹತ್ತಿರ ಹೋದೆ. ಅವಳು ಬಾಗಿಲು ಹಾಕಿ, ಗಿಣಿಯ ಗೆರೆಯನ್ನು ಮತ್ತೆ ಪರದೆಗೆ ತಂದಳು.

"ನೋಡ್ರಿ ಕಾಕಾ. 'ಇದು ಅದೇ' ಅನ್ನೋ ಅಲಿ ಎಲ್ಲಾರ ತಲ್ಯಾಗೂ ಏಳತೈತಿ. ಅದರ ಬೆನ್ನಿಗೆ ಇನ್ನೊಂದು ಸಣ್ಣ ಅಲಿ ಬರತೈತಿ. 'ತಡಿ, ಏನೋ ಫರಕು ಐತಿ' ಅನ್ನೋದು. ನಮಗ ನಿಮಗ ಅದು ತಡಾ ಆಗಿ ಬರಬಹುದು, ಸಣ್ಣದಾಗಿ ಬರಬಹುದು. ಕಾಕೂಗ ಅದು ಬರೂದ ಇಲ್ಲ. ಭಾಳ ದಿನದಿಂದ ಬಂದಿಲ್ಲ. ಟೊಪ್ಪಿಗಿಗೆ ಅದನ್ನ ಎಣಿಸಾಕ ಹೇಳಿಲ್ಲ, ಹಂಗಾಗಿ ಯಾರೂ ನೋಡಿಲ್ಲ."

"ನೀ ನೋಡಿದ್ಯಲ್ಲವಾ, ಮ್ಯಾಲಿನವರಿಗೆ ಹೇಳಬೇಕಿಲ್ಲೇನು?"

"ಹೇಳಿದೆ ಕಾಕಾ. ಒಮ್ಮೆ ಮತ್ತ ಬ್ಯಾರೆ ಜನರ ಜೋಡಿ ತಾಳೆ ನೋಡೂಣು ಅಂದೆ. ಅಳತಿ ಕೋಲನ್ನ ಯಾರರ ಅಳೀತಾರೇನು ಅಂತ ನಕ್ಕರು." ಅವಳ ಕಣ್ಣು ತುಂಬಿತ್ತು. "ಈಗೀಗ ಕಂಪನಿಯವರು ಸಾಲುಗಟ್ಟಿ ಬರಾಕತ್ತಾರ. ಇಲ್ಲಿ ಬಂದ್ರ ಸೋಲಂಗಿಲ್ಲ ಅಂತ ಅವರಿಗೆ ವಾಸನಿ ಬಡದೇತಿ."

ಎಷ್ಟು ಶಾಂತವ್ವಂದಿರ ಒಲೆ ಈಗಾಗಲೇ ಆರಿದೆಯೋ. ಅವರ ಬಳಿ ಹೋಗಿ ನಿಲ್ಲುವ ಮುಖ ನನಗಿರಲಿಲ್ಲ. ಇದೊಂದನ್ನಾದರೂ ತಡೆಯಬೇಕು ಅನ್ನಿಸಿತು.

ಎರಡನೆಯ ಅಳತೆಯ ದಿನ ನಾನು ಪೀಠದ ಮುಂದೆ ಕೈಮುಗಿದು ನಿಂತು ಎಲ್ಲವನ್ನೂ ಹೇಳಿದೆ. ಪೀಠದಲ್ಲಿದ್ದವರು ಇನಾಮದಾರ ಸಾಹೇಬರು, ಒಳ್ಳೆಯವರೆಂದು ಹೆಸರಾದವರು. ಕಂಪನಿಯ ವಕೀಲರು ರಘೋತ್ತಮ ಕಟ್ಟಿ. ಅವರು ಎದ್ದು ಕೋಟಿನ ಗುಂಡಿ ಸರಿಮಾಡಿಕೊಂಡರು.

"ಸ್ವಾಮಿ, ಈ ಮಹನೀಯರ ದುಃಖ ನನಗೆ ಅರ್ಥವಾಗುತ್ತದೆ. ಆದರೆ ಮರೆಯುವುದು ಇವರ ಪತ್ನಿಯ ಅನರ್ಹತೆಯಲ್ಲ, ಅದೇ ಅವರ ಅರ್ಹತೆ. ಮರೆವು ಹೆಚ್ಚಾಯಿತು ಅನ್ನುತ್ತಾರೆ. ಯಾರಿಗೆ ಹೋಲಿಸಿ ಹೆಚ್ಚು? ಕಾಯಿದೆಯ ಪ್ರಕಾರ ಪ್ರಮಾಣವೇ ಅವರು. ವೈದ್ಯರ ವರದಿ ರೋಗಿಯ ಬಗ್ಗೆ ಹೇಳುತ್ತದೆ, ಗಿರಾಕಿಯ ಬಗ್ಗೆ ಅಲ್ಲ. ಹೋಲಿಕೆಮಾಪಕದ ಸಾಕ್ಷ್ಯವನ್ನು ಹೋಲಿಕೆಮಾಪಕವೇ ಸುಳ್ಳು ಮಾಡಬೇಕು ಎಂದು ಕಲಮಿನಲ್ಲೇ ಇದೆ."

ಹೌದು, ಇತ್ತು. ಸಾಹೇಬರು ಕಲಮನ್ನು ಎರಡು ಸಲ ಓದಿದರು. ಶಾಂತವ್ವ ಹಿಂದಿನ ಬೆಂಚಿನಲ್ಲಿ ಸೆರಗು ಬಾಯಿಗೊತ್ತಿ ಕೂತಿದ್ದಳು.

"ಎಷ್ಟೇ ಅರೆಬರೆ ನೆನಪಿದ್ದರೂ," ಸಾಹೇಬರು ನಿಧಾನವಾಗಿ ಅಂದರು, "ಸಾಧಾರಣ ಮನುಷ್ಯರು ಎಂದೂ ತಪ್ಪು ತಿಳಿಯದಂಥದು ಏನಾದರೂ ಇದ್ದೇ ಇರಬೇಕು. ಅದರಲ್ಲೇ ದಾಕ್ಷಾಯಣಿಯವರಿಗೆ ಗೊಂದಲವಾದರೆ, ಅವರು ಇನ್ನು ಪ್ರಮಾಣವಲ್ಲವೆಂದು ಟೊಪ್ಪಿಗೆಯೇ ಸಾಕ್ಷಿ ಹೇಳಿದಂತಾಗುತ್ತದೆ. ಅಲ್ಲವೇ ಕಟ್ಟಿಯವರೇ?"

"ಆಗಬಹುದು ಸ್ವಾಮಿ. ಆದರೆ ಅಂಥ ವಸ್ತು ಯಾವುದು? ಯಾವ ಲೇಬಲ್ ತಂದರೂ, ಇದನ್ನು ಯಾರಾದರೂ ಮರೆಯಬಹುದು ಅಂತ ನಾನು ವಾದಿಸಬಲ್ಲೆ."

ನನಗೆ ದುರ್ಗದಬೈಲಿನ ನೀಲಿ ಅಂಗಿ ನೆನಪಾಯಿತು. ಬಾಯಿ ತೆರೆಯಬಾರದೆಂದು ಮನಸ್ಸು ಹೇಳುತ್ತಿತ್ತು. ಈ ಬಾಯಿ ಯಾವಾಗ ನನ್ನ ಮನಸ್ಸಿನ ಮಾತು ಕೇಳಿದೆ?

"ನಾನು ರೀ, ಸಾಹೇಬ್ರ" ಅಂದೆ. "ನನ್ನನ್ನ ತೋರಿಸ್ರಿ. ಮೂವತ್ತು ವರ್ಷ ಸಂಸಾರ ಮಾಡಿದ ಗಂಡ. ಯಾವ ಗಿರಾಕಿ ಗಂಡನ್ನ ಮರೀತಾಳು?"

ಕಟ್ಟಿ ವಕೀಲರು ವಾದಿಸಲು ಬಾಯಿ ತೆರೆದವರು ಹಾಗೇ ಕುಳಿತುಬಿಟ್ಟರು. ಆ ಮನುಷ್ಯನಿಗೂ ಮನೆಯಲ್ಲಿ ಹೆಂಡತಿ ಇರಬೇಕು.

ಕೋರ್ಟಿನ ಜವಾನ ಮೈಲಾರಪ್ಪನಿಗೆ ನನ್ನದೇ ವಯಸ್ಸು, ನನ್ನದೇ ಎತ್ತರ. ತಲೆ ಮಾತ್ರ ಬೋಳಲ್ಲ, ಮುಖದಲ್ಲಿ ಸಿಡುಬಿನ ಕಲೆ. ನಮ್ಮಿಬ್ಬರನ್ನು ಅಣ್ಣತಮ್ಮ ಅನ್ನುವವರೂ ಇಲ್ಲ. ಅವನನ್ನೇ ಆರಿಸಿದರು. ಮೊದಲು ನಾನು ಗಾಜಿನಾಚೆ ಹೋಗಿ ಅವಳ ಎದುರು ಕೂತೆ. ಮಾತಾಡುವ ಹಾಗಿಲ್ಲ. ಟೊಪ್ಪಿಗೆಯ ಕೆಳಗೆ ಅವಳ ಕುಂಕುಮ ಒಂದಿಷ್ಟು ಹರಡಿತ್ತು. ಅವಳು ನನ್ನನ್ನು ನೋಡಿ ನಕ್ಕಳು. ಎದ್ದು ಈಚೆ ಬಂದೆ. ಅವಳಿಗೆ ಚಹಾ ಕೊಟ್ಟರು, ಅದೂ ಇದೂ ಮಾತಾಡಿಸಿದರು.

ಆ ಬಿಡುವಿನಲ್ಲಿ ನಾನು ದೇವರನ್ನು ಏನು ಕೇಳಲಿ? ಗೆರೆ ದಾಟಿದರೆ ಶಾಂತವ್ವ ಗೆಲ್ಲುತ್ತಾಳೆ, ನಾನು ಸೋಲುತ್ತೇನೆ. ದಾಟದಿದ್ದರೆ ನನ್ನ ದಾಕ್ಷಾಯಣಿ ನನಗೆ ಉಳಿಯುತ್ತಾಳೆ, ನವಲಗುಂದದ ಓಣಿ ಮುಳುಗುತ್ತದೆ. ಸತ್ಯ ಹೇಳುತ್ತೇನೆ, ಹೇಳಲು ನಾಚಿಕೆಯಿಲ್ಲ: ದಾಟದಿರಲಿ ಅಂತಲೇ ಬೇಡಿಕೊಂಡೆ. ಸಿದ್ಧಾರೂಢರಿಗೆ ಹರಕೆ ಹೊತ್ತೆ.

ಮೈಲಾರಪ್ಪ ಒಳಗೆ ಹೋಗಿ ಅದೇ ಕುರ್ಚಿಯಲ್ಲಿ ಕೂತ.

ಗೆರೆ ಎದ್ದಿತು. ಅನುಮಾನವಿಲ್ಲದೆ, ಅಂಜಿಕೆಯಿಲ್ಲದೆ ಎದ್ದು ಕೆಂಪು ಪಟ್ಟಿಯನ್ನು ದಾಟಿತು. ಅದರ ಬೆನ್ನಿಗೆ ಬರಬೇಕಾದ ಸಣ್ಣ ಅಲೆಗಾಗಿ ನಾನೂ ಫರೀದಾಳೂ ಪರದೆಯನ್ನೇ ನೋಡಿದೆವು. ಬರಲಿಲ್ಲ. ಗಾಜಿನಾಚೆ ದಾಕ್ಷಾಯಣಿ ಮುಂದೆ ಬಾಗಿ, ನನ್ನನ್ನು ಕೇಳುವ ದನಿಯಲ್ಲಿ ಮೈಲಾರಪ್ಪನನ್ನು ಕೇಳಿದಳು: "ಏನ್ರಿ, ನೀವು ಚಹಾ ಕುಡದ್ರಿಲ್ಲ?"

ತಿದ್ದಬಾರದೆಂಬ ಕಟ್ಟಪ್ಪಣೆ ಆ ಕೋಣೆಯಲ್ಲಿ ಇನ್ನೂ ಜಾರಿಯಲ್ಲಿತ್ತು. ಮೈಲಾರಪ್ಪ ಗಾಜಿನ ಕಡೆ ತಿರುಗಿ ನನ್ನನ್ನು ಹುಡುಕಿದ. ಆಮೇಲೆ ತಲೆ ತಗ್ಗಿಸಿ, "ಕುಡದೆ ರೀ" ಅಂದ.

ತೀರ್ಪು ಆ ಸಂಜೆಯೇ ಬಂತು. ದಾಕ್ಷಾಯಣಿ ಇನ್ನು ಪ್ರಮಾಣ ಗ್ರಾಹಕಿಯಲ್ಲ. ಗಿಣಿ ನವಿಲಿನ ನಕಲಲ್ಲ. ಹಿಂದಿನ ಅಳತೆಗಳ ಮೇಲೆ ನಿಂತ ತೀರ್ಪುಗಳನ್ನೆಲ್ಲ ಮರುವಿಚಾರಣೆಗೆ ತೆಗೆದುಕೊಳ್ಳಬೇಕು. ಶಾಂತವ್ವ ಬಂದು ನನ್ನ ಕೈ ಹಿಡಿದುಕೊಂಡಳು. "ಗೆದ್ದೆ ಅಂತ ಹೆಂಗ ಅನ್ನಲ್ರಿ ಅಣ್ಣಾರ" ಅಂದಳು.

ಕಾನೂನು ಪತ್ರಿಕೆ ಈಗಲೂ ಬರುತ್ತದೆ, ನಿಲ್ಲಿಸಲು ಯಾರಿಗೂ ನೆನಪಾಗಿಲ್ಲ. ಅದೇ ಭಾಷ್ಯಕಾರರು ಈಗ 'ಪ್ರಮಾಣದ ಸವಕಳಿ: ಕೆಲವು ಟಿಪ್ಪಣಿಗಳು' ಎಂದು ಬರೆಯುತ್ತಿದ್ದಾರೆ. ಹೊಸ ತಲೆಯೊಂದನ್ನು ಹುಡುಕುತ್ತಿದ್ದಾರಂತೆ, ಈ ಸಲ ವರ್ಷಕ್ಕೊಮ್ಮೆ ವೈದ್ಯರಿಗೂ ತೋರಿಸುತ್ತಾರಂತೆ. ಸವಕಳಿಯಂತೆ! ಸವೆದದ್ದು ಬಸ್ಸಿನ ಟೈರೇ? ಆ ಪತ್ರಿಕೆಯನ್ನು ಮಡಚಿ ಕಿಟಕಿಯ ಸಂದಿಗೆ ತುರುಕಿದ್ದೇನೆ, ಧೂಳು ಬರದಿರಲೆಂದು.

ಮನೆಯಲ್ಲಿ ಈಗ ತಿದ್ದಬಹುದು. ವೈದ್ಯರು ಮಾತ್ರ ಬಹಳ ತಿದ್ದಬೇಡಿ, ಅಂಜುತ್ತಾರೆ ಅನ್ನುತ್ತಾರೆ. ಹಿಂದೆ ಕಾಯಿದೆ ಬಾಯಿ ಕಟ್ಟಿತ್ತು, ಈಗ ಔಷಧ ಕೊಡುವವರು ಕಟ್ಟಿದ್ದಾರೆ. ಇಂಥದನ್ನೆಲ್ಲ ತೂಗಿನೋಡಿ ಮಾತಾಡುವುದು ನನ್ನಂಥವನಿಗೆ ಬಹಳ ಕಷ್ಟ.

ಮೊನ್ನೆ 'ಸಂತಿಗೆ ಹೋಗೂಣು' ಎಂದು ಅವಳೇ ಹೊರಟಳು. ಚೀಲ ಅವಳ ಕೈಯಲ್ಲಿತ್ತು. ಕಿರಾಣಿ ಅಂಗಡಿಯಲ್ಲಿ ಚಟ್ನಿಯ ಹಲಗೆಯ ಮುಂದೆ ನಿಂತಳು. ಒಂದು ಪಾಕೀಟು ಎತ್ತಿಕೊಂಡು ತಿರುವಿ ತಿರುವಿ ನೋಡಿದಳು. ನವಿಲು. ಆಮೇಲೆ ಮಗ್ಗುಲಲ್ಲಿದ್ದ ನನ್ನ ಕಡೆ ತಿರುಗಿದಳು. ಸೆರಗು ಸರಿಮಾಡಿಕೊಂಡಳು, ಪರಪುರುಷನ ಎದುರು ಮಾಡಿಕೊಳ್ಳುವ ಹಾಗೆ.

"ಅಣ್ಣಾರ, ಒಂದೀಟು ನೋಡ್ರಿ. ನಮ್ಮನಿಯವರಿಗೆ ರೊಟ್ಟಿ ಜೋಡಿ ಇದ ಚಟ್ನಿ ಬೇಕ್ರಿ. ಇದು ಹೌದೇನು?"

ಅಣ್ಣಾರ ಅಂದವಳಿಗೆ ತಿರುಗಿ ಅಕ್ಕಾರ ಅನ್ನಲು ನಾಲಿಗೆ ಏಳಲಿಲ್ಲ.

"ಅಲ್ರಿ ಬಾಯಾರ" ಅಂದೆ. "ತಪ್ಪು ತಗೊಂಡೀರಿ. ಅದು ನವಿಲಿಂದು. ನಿಮ್ಮನಿಯವರು ತಿನ್ನೋದು ಇದು, ಗಿಣಿದು."

ಅವಳ ಮುಖ ಅರಳಿತು. ನವಿಲನ್ನು ಹಲಗೆಯ ಮೇಲಿಟ್ಟು, ಗಿಣಿಯನ್ನು ಚೀಲಕ್ಕೆ ಹಾಕಿಕೊಂಡಳು. "ಪುಣ್ಯಾತ್ಮರು ಅದೀರಿ ನೋಡ್ರಿ. ತಪ್ಪು ಅಂತ ಯಾರೂ ಹೇಳಂಗಿಲ್ಲ ನನಗ."

ಆಮೇಲೆ ಅತ್ತ ಇತ್ತ ನೋಡಿದಳು. "ಇಲ್ಲೇ ಇದ್ರು. ನೀಲಿ ಅಂಗಿ ಹಾಕ್ಕೊಂಡಾರ. ನೀವೇನರ ನೋಡಿದ್ರೇನ್ರಿ?"

ನಾನು ನೀಲಿ ಅಂಗಿಯನ್ನೇ ಹಾಕಿಕೊಂಡಿದ್ದೆ. ಅವಳನ್ನು ತಿದ್ದಲು ಈಗ ಯಾವ ಕಾಯಿದೆಯ ಅಡ್ಡಿಯೂ ಇರಲಿಲ್ಲ. ಬಾಯಿ ತೆರೆದೆ. ಅವಳ ಕಣ್ಣಲ್ಲಿ ಅಂಜಿಕೆಯಿರಲಿಲ್ಲ, ಗಂಡ ಇಲ್ಲೇ ಎಲ್ಲೋ ಇದ್ದಾನೆಂಬ ಭರವಸೆಯಿತ್ತು.

"ಬರ್ತಾರ್ರಿ" ಅಂದೆ. "ಚೀಲ ಭಾರ ಐತಿ, ಅಲ್ಲೀಮಟ ನಾ ಹಿಡೀತೀನಿ, ಕೊಡ್ರಿ."

ಅವಳು ಚೀಲವನ್ನು ಎದೆಗವಚಿಕೊಂಡಳು. "ಬ್ಯಾಡ್ರಿ. ಅವರ ಬಂದು ಹಿಡೀತಾರ."

ನಾನೂ ಅವಳ ಪಕ್ಕದಲ್ಲಿ, ದಾರಿ ನೋಡುತ್ತಾ ನಿಂತೆ.